ಗುಡ್ಡಪ್ಪ ಕಲಿಸಿದ ನಡಿಗೆ

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಸುರಿದಾಗ ಒಂದು ರಾಶಿಗೂ ಇನ್ನೊಂದು ರಾಶಿಗೂ ನಡುವೆ ಒಬ್ಬ ಆಳು ಹೋಗುವಷ್ಟು ದಾರಿ ಬಿಡುತ್ತಾರೆ. ಹೆಚ್ಚು ಬಿಡುವುದಿಲ್ಲ. ಚೀಲ ಹೊತ್ತವನೂ ಅದರಲ್ಲೇ ನಡೆಯಬೇಕು, ಖರೀದಿಗೆ ಬಂದ ಸೇಠನೂ ಅದರಲ್ಲೇ ನಡೆಯಬೇಕು. ಕಾಲು ತಾಗಿ ಈ ರಾಶಿಯ ಕಾಯಿ ಆ ರಾಶಿಗೆ ಹೋದರೆ ಜಗಳ. ದಪ್ಪನೆಯ ಡಬ್ಬಿ ಕಾಯಿ ಸಪೂರದ ಕಡ್ಡಿ ಕಾಯಿಯ ಜೊತೆ ಬೆರೆತರೆ ಇನ್ನೂ ದೊಡ್ಡ ಜಗಳ. ಅದಕ್ಕೇ ಅಲ್ಲಿ ದುಡಿಯುವವರ ಕಾಲು ತಾವಾಗಿಯೇ ಕಲಿತಿರುತ್ತವೆ. ನೋಡದೆ ನಡೆಯುತ್ತಾರೆ, ತಾಗದೆ ನಡೆಯುತ್ತಾರೆ.

ಗುಡ್ಡಪ್ಪ ತನ್ನ ಮಗನಿಗೆ ನಡಿಗೆ ಕಲಿಸಿದ್ದು ಆ ದಾರಿಯಲ್ಲಿ.

ಗುಡ್ಡಪ್ಪ ಅಲ್ಲಿಯ ಹಮಾಲ. ಹಲಗೇರಿ ಕಡೆಯಿಂದ ಹೊಟ್ಟೆಪಾಡಿಗೆ ಬಂದವನು. ಮಾತು ಕಡಿಮೆ, ಭುಜ ಗಟ್ಟಿ. ಅವನ ಹೆಂಡತಿ ಉಚ್ಚಂಗೆವ್ವ ಅದೇ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯ ಹಿಂದೆ, ಹತ್ತಾರು ಹೆಂಗಸರ ಜೊತೆ ಕುಳಿತು ಕಾಯಿಯ ತುಂಬು ಬಿಡಿಸುವವಳು. ತೊಟ್ಟಿಗೆ ಅಲ್ಲಿ ತುಂಬು ಅನ್ನುತ್ತಾರೆ. ದಿನವಿಡೀ ಬಿಡಿಸಿದರೆ ಬೆರಳಿಗೆ ಬೆಂಕಿ ಹತ್ತುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದರೂ ಅಷ್ಟೆ, ಮಜ್ಜಿಗೆಯಲ್ಲಿ ಅದ್ದಿದರೂ ಅಷ್ಟೆ. ಆ ಕೈಯಲ್ಲಿ ಕೂಸಿನ ಮುಖ ಮುಟ್ಟಲು ಬರುವುದಿಲ್ಲ. ಮಗ ಮೈಲೇಶ ಕೂಸಾಗಿದ್ದಾಗ ಅವನನ್ನು ಹೆಚ್ಚು ಎತ್ತಿ ಆಡಿಸಿದ್ದು ಗುಡ್ಡಪ್ಪನೇ. ಬೇರೆ ಗಂಡಸರು ನಗುತ್ತಿದ್ದರು. ನಗಲಿ ಅಂದುಕೊಂಡು ಆಡಿಸಿದ.

ಮೈಲೇಶ ಹುಟ್ಟಿದಾಗ ಅಳಲಿಲ್ಲ. ಬಹಳ ಹೊತ್ತಿನ ಮೇಲೆ ಅತ್ತ. ವರ್ಷ ತುಂಬಿದರೂ ಕೂರಲಿಲ್ಲ. ಎಡಗೈಯ ಮುಷ್ಟಿ ಬಿಚ್ಚಲಿಲ್ಲ. ಎರಡೂ ಕಾಲು ಕಟ್ಟಿಗೆಯ ಹಾಗೆ ಬಿರುಸಾಗಿ ಒಂದರ ಮೇಲೊಂದು ಕತ್ತರಿ ಬೀಳುತ್ತಿದ್ದವು. ಹಾವೇರಿಯ ಡಾಕ್ಟರು ನೋಡಿ ಸೆರೆಬ್ರಲ್ ಪಾಲ್ಸಿ ಎಂದರು. ಗುಡ್ಡಪ್ಪನಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಕಾಲಿಗೆ ಏನೂ ಆಗಿಲ್ಲ, ಕಾಲಿಗೆ ನಡೆ ಎಂದು ಹೇಳುವ ಮೆದುಳಿಗೆ ಹೆರಿಗೆಯ ಹೊತ್ತಿನಲ್ಲಿ ಪೆಟ್ಟಾಗಿದೆ. ವಾಸಿಯಾಗುವ ರೋಗವಲ್ಲ, ಹೆಚ್ಚುವ ರೋಗವೂ ಅಲ್ಲ.

ಗುಡ್ಡಪ್ಪನ ಅಕ್ಕ ಮೈಲವ್ವ ಬೇರೆ ಮದ್ದು ತಂದಳು. ಗ್ರಹಣದ ದಿನ ಹುಡುಗನನ್ನು ಸೊಂಟದವರೆಗೆ ತಿಪ್ಪೆಯಲ್ಲಿ ಹೂಳಿ ನಿಲ್ಲಿಸಿದರೆ ಕಾಲು ಬರುತ್ತವಂತೆ, ಎಲ್ಲೋ ಯಾರಿಗೋ ಬಂದವಂತೆ.

“ಹೂಳಾಕ ಅವನೇನು ಮೆಣಸಿನ ಸಸಿ ಅಲ್ಲ” ಎಂದ ಗುಡ್ಡಪ್ಪ. ಅಲ್ಲಿಗೆ ಆ ಮಾತು ಮುಗಿಯಿತು.

ಮೈಲೇಶ ತಡವಾಗಿ ಎದ್ದು ನಿಂತ, ತಡವಾಗಿ ನಡೆದ. ಬೆರಳ ತುದಿಯಲ್ಲಿ ನಡೆಯುತ್ತಿದ್ದ. ಎಡಗಾಲು ನೆಲಕ್ಕೆ ಎಳೆಯುತ್ತಿತ್ತು. ಎಡಗೈ ಮೊಣಕೈಯಲ್ಲಿ ಮಡಚಿ ಎದೆಗೆ ಅಂಟಿಕೊಳ್ಳುತ್ತಿತ್ತು. ಮನೆಯಲ್ಲಿ ಅದು ಯಾರಿಗೂ ಕಣ್ಣಿಗೆ ಬೀಳುತ್ತಿರಲಿಲ್ಲ. ಅವನು ಬರುವುದು ಹಾಗೆ, ಅವನು ಹೋಗುವುದು ಹಾಗೆ, ಅಷ್ಟೆ.

ಒಂದು ಸಲ ಐರಣಿಯಲ್ಲಿ ನೆಂಟರ ಮದುವೆ. ಊಟಕ್ಕೆ ಮೊದಲು ಫೋಟೋ ತೆಗೆಸಲು ಎಲ್ಲರನ್ನೂ ನಿಲ್ಲಿಸಿದರು. ಹುಡುಗಿಯ ಕಡೆಯ ಒಬ್ಬ ಯಜಮಾನ ಬಂದು, ಆ ಹುಡುಗನನ್ನು ಸ್ವಲ್ಪ ಆಚೆ ನಿಲ್ಲಿಸಿ, ಫೋಟೋ ಮುಂದೆ ಉಳಿಯುವಂಥದ್ದು ಎಂದ. ಬೈದು ಹೇಳಲಿಲ್ಲ. ನಯವಾಗಿಯೇ ಹೇಳಿದ. ಗುಡ್ಡಪ್ಪ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಉಣ್ಣದೆ ಬಸ್ಸಿಗೆ ಬಂದ. ಹಿಂದೆ ಉಚ್ಚಂಗೆವ್ವನೂ ಬಂದಳು. ಬ್ಯಾಡಗಿಗೆ ಇಳಿದ ಮೇಲೆ ಗುಡ್ಡಪ್ಪ ಅಂದ:

“ಇನ್ನ ಇವನ್ನ ಯಾರೂ ಆಚಿ ನಿಂದ್ರು ಅನಬಾರ್ದು. ಹಂಗ ನಡಸ್ತೀನಿ.”

ಮರುದಿನ ಸಂಜೆ ಶುರುಮಾಡಿದ. ವ್ಯಾಪಾರ ಮುಗಿದು, ಮಂದಿ ಖಾಲಿಯಾಗಿ, ರಾಶಿಗಳು ಮಾತ್ರ ಉಳಿದಿರುತ್ತಿದ್ದವು. ಮಗನನ್ನು ಈ ತುದಿಯಲ್ಲಿ ನಿಲ್ಲಿಸಿ ತಾನು ಆ ತುದಿಗೆ ಹೋಗಿ, ಹೆಗಲ ಮೇಲೆ ಟಾವೆಲ್ ಹಾಕಿಕೊಂಡು ಕೈ ಕಟ್ಟಿ ನಿಲ್ಲುತ್ತಿದ್ದ. ಒಂದು ಕಾಯಿ ಸಹ ಅಲುಗಬಾರದು, ಹಿಮ್ಮಡಿ ಮೊದಲು ಊರಬೇಕು. ಹೇಳುತ್ತಿದ್ದದ್ದು ಇಷ್ಟೇ. ಮೊದಮೊದಲು ಹುಡುಗನ ಕಾಲು ರಾಶಿಯ ಅಂಚನ್ನು ನೇಗಿಲ ಸಾಲಿನ ಹಾಗೆ ಗೀರಿಕೊಂಡು ಹೋಗುತ್ತಿತ್ತು. ಗುಡ್ಡಪ್ಪ ಬೈಯುತ್ತಿರಲಿಲ್ಲ. ಆಮೇಲೆ ಬಗ್ಗಿ ಒಂದೊಂದೇ ಕಾಯಿ ಆರಿಸಿ ರಾಶಿಗೆ ಹಾಕಿ, ಮತ್ತೆ ಈ ತುದಿಯಿಂದ ನಡೆಸುತ್ತಿದ್ದ. ಹುಡುಗ ಅಳುತ್ತಿದ್ದ. ಘಾಟಿಗೋ, ನೋವಿಗೋ, ಹೇಳುವುದು ಕಷ್ಟ.

ಹೀಗೆ ಮಳೆಗಾಲ ಬಿಟ್ಟು ಉಳಿದ ಕಾಲವೆಲ್ಲ ನಡೆಯಿತು, ವರ್ಷಗಟ್ಟಲೆ. ಉಚ್ಚಂಗೆವ್ವ ಮಗನ ಪ್ಯಾಂಟಿನ ಎಡಗಡೆಯ ಕಿಸೆಯನ್ನು ಆಳವಾಗಿ ಹೊಲಿಸಿದಳು, ಕೈ ಒಳಗೆ ಇಳಿದರೆ ಕಾಣದ ಹಾಗೆ. ಕಿಸೆ ಇಲ್ಲದ ಕಡೆ ಮುಷ್ಟಿಯಲ್ಲಿ ಕರವಸ್ತ್ರ. ಕರವಸ್ತ್ರ ಹಿಡಿದವನ ಮುಷ್ಟಿ ಯಾಕೆ ಮುಚ್ಚಿದೆ ಎಂದು ಯಾರೂ ಕೇಳುವುದಿಲ್ಲ. ಬಸ್ಸಿನಲ್ಲಿ ಗುಡ್ಡಪ್ಪ ಮಗನ ಎಡಕ್ಕೆ ಕೂರುತ್ತಿದ್ದ. ಮದುವೆಯಲ್ಲಿ ಎಡಕ್ಕೆ ನಿಲ್ಲುತ್ತಿದ್ದ. ಮೀಸೆ ಬರುವ ಹೊತ್ತಿಗೆ ಮೈಲೇಶ ಹೇಗೆ ನಡೆಯುತ್ತಿದ್ದನೆಂದರೆ, ಗೊತ್ತಿಲ್ಲದವರಿಗೆ ಥಟ್ಟನೆ ಗೊತ್ತಾಗುತ್ತಿರಲಿಲ್ಲ. ಸ್ವಲ್ಪ ಠೀವಿಯ ಹುಡುಗ ಅಂದುಕೊಳ್ಳುತ್ತಿದ್ದರು.

ಅದಕ್ಕೆ ಎಷ್ಟು ಶಕ್ತಿ ಬೇಕು ಅನ್ನುವುದು ಮನೆಯವರಿಗೆ ಮಾತ್ರ ಗೊತ್ತು. ಹೊಸ್ತಿಲು ದಾಟಿ ಒಳಗೆ ಬಂದೊಡನೆ ಹುಡುಗ ನೀರಿನಲ್ಲಿ ನೆನೆದ ಚೀಲದ ಹಾಗೆ ಬೀಳುತ್ತಿದ್ದ. ಆಮೇಲೆ ಕಾಲು ಎಳೆದುಕೊಂಡೇ ಓಡಾಡುತ್ತಿದ್ದ. ಒಮ್ಮೆ ಉಚ್ಚಂಗೆವ್ವ, ಒಳಗೂ ನೆಟ್ಟಗೆ ನಡೆದರೆ ರೂಢಿಯಾಗುತ್ತದಲ್ಲ ಎಂದಳು. ಗುಡ್ಡಪ್ಪ ತಲೆ ಅಲ್ಲಾಡಿಸಿದ. ಮಗನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕುತ್ತ ಅಂದ: “ಅದು ಮಂದಿ ಸಲುವಾಗಿ ಮಾಡೋದು. ಮನಿಯಾಗ ಬ್ಯಾಡ.”

ಶಾಲೆ ಮುಗಿದ ಮೇಲೆ ಮೈಲೇಶನಿಗೆ ರಾಣೇಬೆನ್ನೂರಿನ ಒಂದು ಬೀಜದ ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಕುಳಿತು ಪೊಟ್ಟಣಗಳಿಗೆ ಚೀಟಿ ಅಂಟಿಸುವುದು. ಬಲಗೈ ಸಾಕು. ಗೋದಾಮಿನ ಪಕ್ಕ ಶಾಲೆಯ ಬಯಲು. ಅಲ್ಲಿ ಚೇತನಕುಮಾರ ಅನ್ನುವ ಆಟದ ಮೇಷ್ಟ್ರು ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಿದ್ದರು. ಒಂದು ದಿನ ಚೆಂಡು ಗೋಡೆ ಹಾರಿ ಈಚೆ ಬಿತ್ತು. ಮೈಲೇಶ ಅದನ್ನು ಒದ್ದು ವಾಪಸು ಕಳಿಸಲು ಹೋಗಿ ಅಂಗಾತ ಬಿದ್ದ. ಚೆಂಡು ಮಾತ್ರ ನೆಟ್ಟಗೆ ಹೋಯಿತು. ಗೋಡೆಯ ಮೇಲಿಂದ ಮೇಷ್ಟ್ರು ಇಣುಕಿದರು. ನಗಲಿಲ್ಲ, ಅಯ್ಯೋ ಪಾಪ ಅನ್ನಲಿಲ್ಲ. ಇನ್ನೊಮ್ಮೆ ಒದಿ ನೋಡೋಣ ಎಂದರು.

ಆಮೇಲೆ ಅವರೇ ಹೇಳಿದರು. ಇಂಥ ಮೈಯವರಿಗೇ ಅಂತ ಫುಟ್‌ಬಾಲ್ ಇದೆ. ಏಳೇಳು ಜನ ಆಡುವುದು. ಚೆಂಡು ಗೆರೆ ದಾಟಿದರೆ ಎರಡು ಕೈಯಿಂದ ಎಸೆಯಬೇಕೆಂದಿಲ್ಲ, ಒಂದೇ ಕೈಯಲ್ಲಿ ಉರುಳಿಸಬಹುದು. ದೇಶ ದೇಶಗಳ ತಂಡಗಳಿವೆ. ಮೈಲೇಶ ದಿನಾ ಕೆಲಸ ಮುಗಿಸಿ ಬಯಲಿಗೆ ಹೋಗತೊಡಗಿದ.

ಗುಡ್ಡಪ್ಪನಿಗೆ ಇದು ಸೇರಲಿಲ್ಲ. ಮಂದಿಯ ಮುಂದೆ ಬೀಳಬಾರದೆಂದು ತಾನು ಇಷ್ಟು ವರ್ಷ ಕಲಿಸಿದ್ದು, ಈಗ ಬೀಳುವುದಕ್ಕೇ ಹೋಗುತ್ತಾನಲ್ಲ ಎಂದ. ಮಗ ಹೋಗುವುದನ್ನು ಬಿಡಲಿಲ್ಲ. ಅಪ್ಪ ಮಗನ ನಡುವೆ ಮಾತು ಕಡಿಮೆಯಾಯಿತು. ಮೊದಲೂ ಹೆಚ್ಚು ಇರಲಿಲ್ಲ.

ಹೀಗಿರುವಾಗ ಒಂದು ಸೋಮವಾರ, ಪೇಟೆ ತುಂಬಿದ ದಿನ, ಗುಡ್ಡಪ್ಪ ಒಂದು ಚೀಲ ಇಳಿಸಿ ಅದಕ್ಕೇ ಒರಗಿ ಕುಳಿತ. ನಿದ್ದೆ ಹತ್ತಿದೆ ಅಂದುಕೊಂಡು ಸುತ್ತಲಿನವರು ಅವನನ್ನು ಸುತ್ತಿ ಬಳಸಿ ಓಡಾಡಿದರು. ಹೆಗಲ ಟಾವೆಲ್ ಜಾರಿ ಬಿದ್ದದ್ದನ್ನು ಯಾರೋ ಎತ್ತಿ ಮತ್ತೆ ಹೆಗಲಿಗೆ ಹಾಕಿದರು. ಆಗ ಗೊತ್ತಾಯಿತು.

ಉಚ್ಚಂಗೆವ್ವ ಎರಡು ಅಂಗಡಿ ಆಚೆ ತುಂಬು ಬಿಡಿಸುತ್ತಿದ್ದಳು. ಓಡಿ ಬಂದಳು. ಕೈ ತುಂಬ ಖಾರ. ಅವನ ಮುಖ ಮುಟ್ಟಲಿಲ್ಲ. ತನ್ನ ಕಣ್ಣು ಒರೆಸಿಕೊಳ್ಳಲಿಲ್ಲ. ಪಕ್ಕದಲ್ಲಿ ದುಡಿಯುವ ಸುಗರಾಬಿ ಕೊಡ ತಂದು ಅವಳ ಕೈ ತೊಳೆಯಿಸಿ, ತನ್ನ ಸೆರಗಿನಿಂದ ಒರೆಸಿದ ಮೇಲೆ ಉಚ್ಚಂಗೆವ್ವ ಅವನ ಕೆನ್ನೆಯ ಮೇಲೆ ಕೈ ಇಟ್ಟಳು. ಅಷ್ಟರಲ್ಲಿ ತಣ್ಣಗಾಗಿದ್ದ.

ಸತ್ತವರ ಹಿಂದೆ ಉಳಿಯುವುದು ಏನು. ಟಾವೆಲ್ ಉಳಿಯಿತು. ಚೀಲಕ್ಕೆ ಹಾಕುವ ಕೊಕ್ಕೆ ಉಳಿಯಿತು, ಅದನ್ನು ಉಚ್ಚಂಗೆವ್ವ ಇನ್ನೊಬ್ಬ ಹಮಾಲನಿಗೆ ಕೊಟ್ಟಳು. ಮತ್ತೆ ಮಗನ ನಡಿಗೆ ಉಳಿಯಿತು. ಸಂಜೆ ಮೈಲೇಶ ಬಸ್ಸಿಳಿದು ಓಣಿಯಲ್ಲಿ ಬರುವಾಗ ಹಿಮ್ಮಡಿ ಮೊದಲು, ಆಮೇಲೆ ಅಂಗಾಲು, ಒಂದೊಂದೇ ಹೆಜ್ಜೆ ಕೇಳುತ್ತಿತ್ತು. ಒಲೆಯ ಮುಂದೆ ಕುಳಿತ ಉಚ್ಚಂಗೆವ್ವನಿಗೆ ಆ ಸದ್ದಿನಲ್ಲಿ ಗುಡ್ಡಪ್ಪ ಇರುತ್ತಿದ್ದ. ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

ವರ್ಷ ತುಂಬುವ ಮೊದಲೇ ಚೇತನಕುಮಾರ ಮನೆಗೆ ಬಂದರು. ಹೊರದೇಶದಲ್ಲಿ ದೊಡ್ಡ ಪಂದ್ಯಾವಳಿ ಇದೆ, ಬೇರೆ ಬೇರೆ ದೇಶದವರು ಬರುತ್ತಾರೆ, ನಮ್ಮ ತಂಡಕ್ಕೆ ಮೈಲೇಶನ ಹೆಸರು ಕೊಟ್ಟಿದ್ದೇನೆ ಎಂದರು. ಆದರೆ ಮೊದಲು ಡಾಕ್ಟರರು ನೋಡಬೇಕು. ಈ ಆಟದಲ್ಲಿ ಆಡುವವರನ್ನು ಮೂರು ಗುಂಪು ಮಾಡುತ್ತಾರೆ. ಮೈಯ ತೊಂದರೆ ಹೆಚ್ಚು ಇರುವವರು ಮೊದಲನೆಯದು, ನಡುವಿನವರು ಎರಡನೆಯದು, ಕಡಿಮೆ ಇರುವವರು ಮೂರನೆಯದು. ಎರಡನೆಯದರಲ್ಲಿ ಒಳ್ಳೆಯ ಆಟಗಾರರು ಬೇಕಾದಷ್ಟು ಮಂದಿ ಆಗಿಬಿಟ್ಟಿದ್ದಾರೆ. ಅಲ್ಲಿ ಜಾಗವಿಲ್ಲ. ಮೊದಲನೆಯದಕ್ಕೆ ಜನ ಸಿಗುತ್ತಿಲ್ಲ.

“ಮೊದಲನೇ ಗುಂಪಿನಾವ ಒಬ್ಬ ಮೈದಾನದಾಗ ಇರಾಕ ಬೇಕ್ರಿ ಅವ್ವಾರ. ಅವ ಇಲ್ಲಂದ್ರ ತಂಡ ಒಬ್ಬನ್ನ ಕಡಿಮಿ ಮಾಡಿ ಆಡಬೇಕು. ಕಾಯ್ದೆನ ಹಂಗೈತಿ.”

ಉಚ್ಚಂಗೆವ್ವ ಅದನ್ನು ಎರಡು ಸಲ ಹೇಳಿಸಿಕೊಂಡಳು. ಆಚೆ ನಿಲ್ಲು ಅನ್ನಿಸಿಕೊಂಡ ಹುಡುಗ. ಅವನು ಒಳಗೆ ಇಲ್ಲದಿದ್ದರೆ ಆಟ ಪೂರ್ತಿ ಆಗುವುದಿಲ್ಲವಂತೆ. ಇದನ್ನು ಗುಡ್ಡಪ್ಪ ಕೇಳಬೇಕಿತ್ತು ಅನ್ನಿಸಿತು. ಕೇಳಿದ್ದರೆ ಒಪ್ಪುತ್ತಿದ್ದನೋ ಇಲ್ಲವೋ, ಅದು ಅವಳಿಗೆ ತಿಳಿಯಲಿಲ್ಲ.

ಪರೀಕ್ಷೆ ಹಾವೇರಿಯ ಕ್ರೀಡಾಂಗಣದಲ್ಲಿ. ಮೈಲವ್ವ ಹಿಂದಿನ ದಿನವೇ ಬಂದು ಕುಳಿತಳು. ಹುಡುಗ ಒಳ್ಳೆಯ ಕೆಲಸಕ್ಕೆ ಹೊರಟಿದ್ದಾನೆ, ಗಂಡ ಇಲ್ಲದವಳು ಎದುರಿಗೆ ಬರುವುದು ಬೇಡ, ನಾನೇ ಜೊತೆಗೆ ಹೋಗುತ್ತೇನೆ ಎಂದಳು. ಕೆಟ್ಟ ಮನಸ್ಸಿನವಳಲ್ಲ. ಅವಳು ಕಲಿತದ್ದು ಅದು.

“ಅಕ್ಕಾ, ಅವ ಹುಟ್ಟಿದಾಗಿಂದ ಅವನ ಎದುರಿಗೆ ಇದ್ದಾಕಿ ನಾನು” ಎಂದಳು ಉಚ್ಚಂಗೆವ್ವ. “ಈಗ ಎಲ್ಲಿ ಹೋಗಿ ಅಡಗಲಿ?”

ಬೆಳಿಗ್ಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಬಿಸಿಲಿಗೆ ಇರಲಿ ಎಂದು ಗುಡ್ಡಪ್ಪನ ಟಾವೆಲ್ ಹೆಗಲಿಗೆ ಹಾಕಿಕೊಂಡು, ಮಗನ ಜೊತೆ ತಾನೇ ಹೊರಟಳು. ಬಸ್ಸಿನಲ್ಲಿ ಅವನ ಎಡಕ್ಕೆ ಕುಳಿತಳು.

ಕ್ರೀಡಾಂಗಣದ ಒಂದು ಕೋಣೆಯಲ್ಲಿ ಪುಷ್ಪಲತಾ ಅನ್ನುವ ಡಾಕ್ಟರಮ್ಮ ನೋಡುತ್ತಿದ್ದರು. ಹೊರ ಊರಿನವರು, ಮೆತ್ತಗೆ ಮಾತನಾಡುವವರು. ತಾಯಿ ಒಳಗೆ ಇರಬಹುದು ಎಂದರು. ಮೈಲೇಶನನ್ನು ಮಂಚದ ಮೇಲೆ ಮಲಗಿಸಿ ಮೊಣಕಾಲನ್ನು ನಿಧಾನವಾಗಿ ಮಡಚಿದರು, ಆಮೇಲೆ ಥಟ್ಟನೆ ಮಡಚಿದರು. ಥಟ್ಟನೆ ಮಡಚಿದಾಗ ಕಾಲು ನಡುವೆ ಗಕ್ಕನೆ ನಿಂತಿತು. ಮುಷ್ಟಿ ಬಿಚ್ಚಲು ಹೇಳಿದರು. ಒಂದೊಂದೇ ಬೆರಳು ಬಿಚ್ಚಿತು, ಹೆಬ್ಬೆರಳು ಒಳಗೇ ಉಳಿಯಿತು. ಡಾಕ್ಟರಮ್ಮ ತಲೆಯಾಡಿಸುತ್ತ ಬರೆದುಕೊಂಡರು. ಬಾಗಿಲಲ್ಲಿ ನಿಂತ ಚೇತನಕುಮಾರರ ಮುಖ ಗೆಲುವಾಗಿತ್ತು.

ಆಮೇಲೆ ಹೊರಗೆ ಉದ್ದನೆಯ ಪಡಸಾಲೆಯಲ್ಲಿ ನಡೆಯಲು ಹೇಳಿದರು. ನೆಲದ ಮೇಲೆ ಗೆರೆ ಎಳೆದಿದ್ದರು. ಉಚ್ಚಂಗೆವ್ವ ಅಡ್ಡ ಬರಬಾರದೆಂದು ಆ ತುದಿಗೆ ಹೋಗಿ ಗೋಡೆಗೆ ಒರಗಿ ನಿಂತಳು.

ಮೈಲೇಶ ಈ ತುದಿಯಿಂದ ಒಮ್ಮೆ ನೋಡಿದ. ಆಮೇಲೆ ನಡೆದ. ಹಿಮ್ಮಡಿ ಮೊದಲು, ಆಮೇಲೆ ಅಂಗಾಲು. ಎಡಗೈ ಕಿಸೆಯೊಳಗೆ. ಎರಡೂ ಕಡೆ ಮೆಣಸಿನಕಾಯಿ ಇದ್ದರೂ ಒಂದು ಅಲುಗುತ್ತಿರಲಿಲ್ಲ, ಹಾಗೆ ನಡೆದ. ಉಚ್ಚಂಗೆವ್ವನಿಗೆ ಎದೆ ತುಂಬಿತು. ಇದನ್ನು ಅವನಪ್ಪ ಕಲಿಸಿದ್ದು ಎಂದು ಡಾಕ್ಟರಮ್ಮನಿಗೆ ಹೇಳಬೇಕೆಂದು ಬಾಯಿಗೆ ಬಂತು. ಹೇಳುವ ಮೊದಲೇ ಚೇತನಕುಮಾರರ ಮುಖ ನೋಡಿದಳು. ಗೆಲುವು ಇಳಿದುಹೋಗಿತ್ತು.

ಕಿಸೆಯಿಂದ ಕೈ ತೆಗೆದು ಇನ್ನೊಮ್ಮೆ ನಡೆ ಎಂದರು ಡಾಕ್ಟರಮ್ಮ. ಅವನು ಕರವಸ್ತ್ರ ಹಿಡಿದು ನಡೆದ. ಓಡು ಎಂದರು. ಓಡು ಅಂದರೆ ಬೇಗ ನಡೆದ, ಕಾಲು ಎತ್ತಿ ಎತ್ತಿ. ಡಾಕ್ಟರಮ್ಮ ಮಂಚದ ಬಳಿ ಬರೆದುಕೊಂಡದ್ದನ್ನು ತಿರುವಿ ನೋಡಿದರು. ಕೊನೆಗೆ ಮೇಷ್ಟ್ರನ್ನೂ ತಾಯಿಯನ್ನೂ ಕರೆದು ಮುಚ್ಚುಮರೆ ಇಲ್ಲದೆ ಹೇಳಿದರು. ಮಂಚದ ಮೇಲೆ ಒಂದು ಕಾಣುತ್ತಿದೆ, ನೆಲದ ಮೇಲೆ ಇನ್ನೊಂದು ಕಾಣುತ್ತಿದೆ. ನೆಲದ ಮೇಲಿನದನ್ನು ನೋಡಿದರೆ ಇವನು ಎರಡನೆಯ ಗುಂಪು. ಮಧ್ಯಾಹ್ನ ಆಟ ಆಡಿಸಿ ನೋಡಿ ತೀರ್ಮಾನ ಮಾಡುತ್ತೇವೆ. ಕಂಡದ್ದನ್ನು ಮಾತ್ರ ಬರೆಯಲು ಬರುತ್ತದೆ, ಕಾಣದ್ದನ್ನು ಬರೆಯಲು ಬರುವುದಿಲ್ಲ.

ಎರಡನೆಯ ಗುಂಪು ಅಂದರೆ ಮನೆಗೆ ವಾಪಸು ಎಂದು ಉಚ್ಚಂಗೆವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಚೇತನಕುಮಾರ ಮೈಲೇಶನನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋದರು. ಒಳ್ಳೆಯ ಮನುಷ್ಯ, ಆದರೆ ಹೊತ್ತು ತಪ್ಪಿದಾಗ ಒಳ್ಳೆಯವರ ಬಾಯಲ್ಲೂ ಬರಬಾರದ್ದು ಬರುತ್ತದೆ. ಮಧ್ಯಾಹ್ನ ಸ್ವಲ್ಪ ಜಾಸ್ತಿ ಕುಂಟು, ಬೇಕೆಂದೇ ಎರಡು ಸಲ ಬೀಳು ಎಂದರು. ಹಿಂದೆ ಬುತ್ತಿ ಹಿಡಿದು ಬರುತ್ತಿದ್ದ ಉಚ್ಚಂಗೆವ್ವನ ಕಿವಿಗೆ ಬಿತ್ತು.

“ಸರ, ಅದನ್ನ ಹೇಳಿಕೊಡಬ್ಯಾಡ್ರಿ. ಇಲ್ಲದ್ದನ್ನ ತೋರಸಬಾರ್ದು.”

ಮೇಷ್ಟ್ರು ತಲೆ ತಗ್ಗಿಸಿದರು. ತಪ್ಪಾಯಿತು ಎಂದರು. ಆಮೇಲೆ ತಲೆ ಎತ್ತಿದರು.

“ಖರೇರಿ ಅವ್ವಾರ. ಆದ್ರ ಇದ್ದದ್ದನ್ನರ ತೋರಸಬೇಕಲ್ರಿ?”

ಮೇಷ್ಟ್ರು ಉಳಿದ ಹುಡುಗರ ಕಡೆ ಹೋದರು. ತಾಯಿ ಮಗ ಇಬ್ಬರೇ ಮರದ ಕೆಳಗೆ ಕುಳಿತರು. ಅವಳು ಬುತ್ತಿ ಬಿಚ್ಚಿದಳು. ಅವನು ರೊಟ್ಟಿ ಮುರಿದು ಕೈಯಲ್ಲೇ ಇಟ್ಟುಕೊಂಡ.

“ಬಯಲಾಗ ಆಡುವಾಗ ನೀ ಹಿಂಗ ನಡೀತೀ ಏನು?” ಎಂದು ಕೇಳಿದಳು.

“ಇಲ್ಲ.”

“ಮತ್ತ ಇಲ್ಲಿ ಯಾಕ ನಡದಿ?”

ಮೈಲೇಶ ಅವಳ ಹೆಗಲ ಕಡೆ ನೋಡಿದ. “ನೀ ಆ ತುದಿಗೆ ನಿಂತಿದ್ದಿ, ಯವ್ವ. ಅಪ್ಪ ನಿಂತಂಗ. ಟಾವೆಲ್ ಹಾಕ್ಕೊಂಡು, ಕೈ ಕಟ್ಟಿಕೊಂಡು. ಕಾಲು ತಾವ ಹಂಗ ಬಿದ್ವು.”

ತಾನು ಕೈ ಕಟ್ಟಿಕೊಂಡಿದ್ದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಹೆಗಲ ಮೇಲಿನ ಟಾವೆಲನ್ನು ಮುಟ್ಟಿ ನೋಡಿಕೊಂಡಳು. ಒಗೆದು ಒಗೆದು ತೆಳ್ಳಗಾಗಿತ್ತು. ಖಾರದ ವಾಸನೆ ಮಾತ್ರ ಹೋಗಿರಲಿಲ್ಲ.

“ಹಂಗಿದ್ರ ಮಧ್ಯಾಹ್ನ ನಡಿಗಿ ಬಿಟ್ಟು ಆಡು.”

“ಅಪ್ಪ ಕಲಿಸಿದ್ದು ಇದೊಂದ ಉಳದೈತಿ” ಎಂದ ಮೈಲೇಶ. “ಅವಗ ಈ ಆಟ ಬ್ಯಾಡಾಗಿತ್ತು. ನಾ ಮಾತು ಕೇಳಲಿಲ್ಲ. ಈಗ ಇದನ್ನೂ ಮಂದಿ ಮುಂದ ಚೆಲ್ಲಿ ಬರಲೇನು?”

ಅವನು ಹೇಳಿದ್ದು ಉಚ್ಚಂಗೆವ್ವನ ಮನಸ್ಸಿನಲ್ಲೂ ಇತ್ತು. ಆ ನಡಿಗೆ ಹೋದರೆ ಸಂಜೆ ಓಣಿಯಲ್ಲಿ ಏನು ಕೇಳಬೇಕು. ಇನ್ನೊಂದು ಕಡೆ, ಹೊಸ್ತಿಲ ಒಳಗೆ ಬಂದು ಬೀಳುತ್ತಿದ್ದ ಹುಡುಗ ನೆನಪಾದ. ಅವನ ಕಾಲು ತಿಕ್ಕುತ್ತ ಕೂರುತ್ತಿದ್ದ ಗುಡ್ಡಪ್ಪ ನೆನಪಾದ. ನೆಟ್ಟಗೆ ನಡೆಸಿದವನೂ ಅವನೇ, ಬೀಳಲು ಬಿಟ್ಟವನೂ ಅವನೇ.

“ನಿಮ್ಮಪ್ಪ ಮನಿಯಾಗ ಯಾವತ್ತರ ನಿನಗ ನೆಟ್ಟಗ ನಡಿ ಅಂದಿದ್ನೇನು?”

ಮೈಲೇಶ ಯೋಚನೆ ಮಾಡಿದ. ಇಲ್ಲವೆಂದು ತಲೆ ಅಲ್ಲಾಡಿಸಿದ.

“ಮಂದಿ ಸಲುವಾಗಿ ಕಲಿಸಿದ್ದು ಅದು. ನಿನಗ ಕಮ್ಮಿ ಐತಿ ಅಂತ ಅಲ್ಲ. ಈ ಮಂದಿಗೆ ಅದು ಬೇಕಾಗಿಲ್ಲ. ಮನಿಯಾಗ ಅದೀನಿ ಅಂತ ತಿಳಕೊಂಡು ಆಡು.” ಎದ್ದು ನಿಂತಳು. “ನಾ ಗೇಟಿನ ಹೊರಗ ಇರ್ತೀನಿ. ನನ್ನ ಹುಡುಕಬ್ಯಾಡ.”

ನೋಡುವ ಆಸೆ ಅವಳಿಗೆ ಇರಲಿಲ್ಲವೆಂದಲ್ಲ. ಅದಕ್ಕೆಂದೇ ಮೈಲವ್ವನ ಬಾಯಿ ಮುಚ್ಚಿಸಿ ಬಂದಿದ್ದಳು. ಆದರೆ ತಾನು ಗೆರೆಯ ಪಕ್ಕ ನಿಂತರೆ ಅವನ ಕಾಲು ಮತ್ತೆ ರಾಶಿಗಳ ನಡುವೆ ಬೀಳುತ್ತವೆ. ಮಾತಿನಿಂದ ಆಗುವುದಲ್ಲ ಅದು, ಕಾಲಿಗೆ ಗೊತ್ತಿರುವುದು. ಟಾವೆಲನ್ನು ಮಡಚಿ ಬುತ್ತಿಯ ಗಂಟಿನೊಳಗೆ ಇಟ್ಟು ಹೊರಗೆ ಬಂದಳು.

ಗೇಟಿನ ಆಚೆ ಒಂದು ಚಹದ ಗಾಡಿ. ಗಾಡಿಯವನು ಕುಳಿತುಕೊಳ್ಳಲು ಪೆಟ್ಟಿಗೆ ಕೊಟ್ಟ. ಒಳಗೆ ಸೀಟಿ ಊದಿದ್ದು ಕೇಳಿತು. ಓಡುವ ಕಾಲುಗಳ ಸದ್ದು, ಕೂಗು. ನಿಮ್ಮ ಹುಡುಗ ಒಳಗೆ ಆಡುತ್ತಿದ್ದಾನೇನು, ಹೋಗಿ ನೋಡಬಾರದೇ ಎಂದ ಗಾಡಿಯವನು.

“ನಾ ನೋಡಿದ್ರ ಆಗಾಂಗಿಲ್ಲಪ್ಪ” ಎಂದಳು.

ಅವನು ಅವಳ ಬರಿ ಹಣೆ ನೋಡಿದ. ಅರ್ಥವಾಯಿತು ಅನ್ನುವ ಹಾಗೆ ತಲೆದೂಗಿ, ಚಹದ ಕಪ್ಪು ತಂದು ಕೈಗೆ ಕೊಟ್ಟ. ಅವನು ತಿಳಿದದ್ದು ಬೇರೆ. ಉಚ್ಚಂಗೆವ್ವ ತಿದ್ದಲು ಹೋಗಲಿಲ್ಲ. ಚಹ ಬಿಸಿ ಇತ್ತು, ಕುಡಿದಳು. ಒಳಗೆ ಒಮ್ಮೆ ಜೋರಾಗಿ ಧಪ್ ಎಂದಿತು. ಬಿದ್ದವನು ಯಾರೋ. ಅವಳು ಎದ್ದಳು, ಮತ್ತೆ ಕುಳಿತಳು.

ಬಿಸಿಲು ಇಳಿದ ಮೇಲೆ ಗೇಟು ತೆರೆಯಿತು. ಮೈಲೇಶ ಬಂದ. ಅಂಗಿ ಮಣ್ಣಾಗಿತ್ತು, ಮೊಣಕಾಲು ತರಚಿ ಕೆಂಪಗಾಗಿದ್ದವು. ಎಡಗೈ ಎದೆಗೆ ಅಂಟಿತ್ತು, ಕರವಸ್ತ್ರ ಇರಲಿಲ್ಲ. ಎಡಗಾಲು ನೆಲ ಗೀರಿಕೊಂಡು ಬರುತ್ತಿತ್ತು. ತಾಯಿಯನ್ನು ಕಂಡ. ಕಂಡ ಮೇಲೂ ಕಾಲು ಸರಿಮಾಡಲಿಲ್ಲ. ಹಾಗೆಯೇ ನಡೆದು ಬಂದ. ಬಯಲು ರಸ್ತೆಯ ಮೇಲೆ, ಹೋಗಿ ಬರುವವರ ನಡುವೆ, ದೊಡ್ಡವನಾದ ಮೇಲೆ ಮಗ ಹಾಗೆ ನಡೆದದ್ದನ್ನು ಉಚ್ಚಂಗೆವ್ವ ನೋಡಿದ್ದು ಅದೇ ಮೊದಲು. ಇಬ್ಬರು ದಾರಿಹೋಕರು ತಿರುಗಿ ನೋಡಿದರು. ನೋಡಿ, ಮುಂದೆ ಹೋದರು. ಅಷ್ಟೆ. ಇಷ್ಟು ವರ್ಷ ಇದಕ್ಕೆ ಹೆದರಿದ್ದೆವಾ ಅನ್ನಿಸಿತು ಅವಳಿಗೆ.

“ಬಾಳ ಬಿದ್ದೆ” ಎಂದ ಮೈಲೇಶ.

“ಬೇಕಂತ ಬಿದ್ದಿ ಏನು?”

“ಇಲ್ಲ ಯವ್ವ. ಚೆಂಡಿನ ಹಿಂದ ಹೋದೆ. ಬಿದ್ದೆ.”

ಹಿಂದಿನಿಂದ ಬಂದ ಚೇತನಕುಮಾರ ಮೊದಲನೆಯ ಗುಂಪು ಎಂದರು. ಮರದ ಕೆಳಗಿನ ಮಾತಿನ ನಾಚಿಕೆ ಅವರ ದನಿಯಲ್ಲಿ ಇನ್ನೂ ಇತ್ತು. ಚಹದ ಗಾಡಿಯವನು, ಹೊರಗೆ ಕುಳಿತದ್ದು ಒಳ್ಳೆಯದೇ ಆಯಿತು ನೋಡಿರಿ ಎಂದ. ಹೌದಪ್ಪ ಎಂದಳು ಉಚ್ಚಂಗೆವ್ವ.

ಪಂದ್ಯಾವಳಿಯ ದಿನ ಬ್ಯಾಡಗಿಯಲ್ಲಿ ಪೇಟೆ ಇರಲಿಲ್ಲ. ತುಂಬು ಬಿಡಿಸುವ ಕೆಲಸ ಮಾತ್ರ ಇತ್ತು. ಸುಗರಾಬಿ ತನ್ನ ಫೋನನ್ನು ಒಂದು ಚೀಲದ ಮೇಲೆ ನಿಲ್ಲಿಸಿದಳು. ಎಲ್ಲರ ಕೈಯೂ ಖಾರದ ಕೈ, ಫೋನು ಮುಟ್ಟುವವರಿಲ್ಲ. ಚಿತ್ರ ನಿಂತಾಗಲೆಲ್ಲ ಸುಗರಾಬಿ ಮೊಣಕೈಯಿಂದ ಒತ್ತುತ್ತಿದ್ದಳು. ಮೈಲವ್ವನೂ ಬಂದು ಹಿಂದೆ ನಿಂತಿದ್ದಳು. ಎದುರಿನ ತಂಡದವರು ಬಲಶಾಲಿಗಳು. ನಮ್ಮವರಿಗೆ ಗೋಲು ಬೀಳುತ್ತಲೇ ಇದ್ದವು. ಹಸಿರು ಹುಲ್ಲಿನ ಮೇಲೆ ಮೈಲೇಶ ಚುಕ್ಕಿಯಷ್ಟು ಕಾಣುತ್ತಿದ್ದ. ಆದರೆ ಗುರುತು ಹಿಡಿಯುವುದು ಕಷ್ಟವಾಗಲಿಲ್ಲ, ಆ ಕಾಲು ಹಾಗೆ ಎಳೆಯುವವನು ಅವನೊಬ್ಬನೇ. ಅವನ ಎಡಕ್ಕೆ ಯಾರೂ ನಿಂತಿರಲಿಲ್ಲ. ದಣಿದು ಸೊಂಟದ ಮೇಲೆ ಕೈ ಇಟ್ಟು ನಿಂತಾಗಲೂ ಅವನನ್ನು ಹೊರಗೆ ಕರೆಯಲಿಲ್ಲ. ಹೊರಗೆ ಕರೆಯಲು ಬರುವುದಿಲ್ಲ ಎಂದು ಉಚ್ಚಂಗೆವ್ವ ಎಲ್ಲರಿಗೂ ಹೇಳಿದಳು. ಅವ ಇಲ್ಲದಿದ್ದರೆ ಆಟ ಪೂರ್ತಿ ಆಗುವುದಿಲ್ಲ, ಕಾಯ್ದೆ ಹಾಗಿದೆ ಎಂದಳು.

“ನಿನ್ನ ಮಗ ಬಿದ್ದು ಬಿದ್ದು ಆ ದೇಶದ ಹುಲ್ಲೆಲ್ಲ ಕಳೆ ತಗದಂಗ ತಗದ ನೋಡ, ಉಚ್ಚಂಗಿ” ಎಂದಳು ಸುಗರಾಬಿ. “ಅವರು ಕೂಲಿ ಕೊಟ್ಟು ಕಳಸಬೇಕು.”

ಹೆಂಗಸರೆಲ್ಲ ನಕ್ಕರು. ಉಚ್ಚಂಗೆವ್ವನೂ ನಕ್ಕಳು. ಗುಡ್ಡಪ್ಪ ಹೋದ ಮೇಲೆ ಆ ಜಾಗದಲ್ಲಿ ಅವಳು ನಕ್ಕದ್ದು ಅದೇ ಮೊದಲು, ಅದು ಗೊತ್ತಾಗಿ ಸುಗರಾಬಿ ಮುಖ ಆಚೆ ತಿರುಗಿಸಿಕೊಂಡಳು. ಮೈಲವ್ವ ಹಿಂದಿನಿಂದ, ತಮ್ಮ ಇರಬೇಕಿತ್ತು ಎಂದಳು. ತಂಡ ಸೋತಿತು.

ಮೈಲೇಶ ಊರಿಗೆ ಬಂದದ್ದು ಪೇಟೆಯ ದಿನ. ಚೀಲ ಹೆಗಲಿಗೆ ಹಾಕಿಕೊಂಡು ಸೀದಾ ಮಾರುಕಟ್ಟೆಗೆ ಬಂದ. ಉಚ್ಚಂಗೆವ್ವ ಕುಳಿತಲ್ಲಿಂದಲೇ ನೋಡಿದಳು. ಎರಡೂ ಕಡೆ ಆಳೆತ್ತರ ರಾಶಿ. ಅವನು ದಾರಿಯ ಬಾಯಲ್ಲಿ ನಿಂತ. ಆಚೆ ತುದಿಯಲ್ಲಿ ಯಾರೂ ಇರಲಿಲ್ಲ, ಖಾಲಿ ಇತ್ತು. ಹಿಮ್ಮಡಿ ಮೊದಲು ಊರಿದ, ಆಮೇಲೆ ಅಂಗಾಲು. ಇನ್ನೊಬ್ಬರ ಮಾಲು, ತಾಗಬಾರದು. ಪೂರ್ತಿ ದಾರಿ ಹಾಗೆಯೇ ನಡೆದು ಬಂದ. ಒಂದು ಕಾಯಿ ಅಲುಗಲಿಲ್ಲ.

ತಾಯಿಯ ಹತ್ತಿರ ಸ್ವಲ್ಪ ಹೊತ್ತು ಕುಳಿತ. ನೀರು ಕುಡಿದ. ಹಸಿವಾಗಿದೆ, ಮನೆಗೆ ಹೋಗುತ್ತೇನೆ ಎಂದ. ಮನೆಯ ಕಡೆಯ ದಾರಿ ಡಾಂಬರಿನದು, ಅಗಲ, ಅಲ್ಲಿ ರಾಶಿಗಳಿಲ್ಲ. ತಾಯಿ ಕುಳಿತಲ್ಲಿಗೆ ಹತ್ತಿರವೇ ಇದ್ದ ಮಾರುಕಟ್ಟೆಯ ಗೇಟು ದಾಟಿದೊಡನೆ ಅವನು ಕಾಲು ಬಿಟ್ಟ. ಚಪ್ಪಲಿ ಸರ್‍ರ್ ಸರ್‍ರ್ ಎಂದು ಎಳೆಯತೊಡಗಿತು.

ಉಚ್ಚಂಗೆವ್ವ ಆ ಸದ್ದು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೆ ಕೇಳಿದಳು. ಕಣ್ಣು ತುಂಬಿದ್ದವು. ಖಾರದ ಕೈ, ಒರೆಸಿಕೊಳ್ಳಲು ಬರುವುದಿಲ್ಲ. ಹಾಗೆಯೇ ಬಿಟ್ಟು ಮುಂದಿನ ಕಾಯಿ ಎತ್ತಿಕೊಂಡು ತುಂಬು ಮುರಿದಳು.